ಜರ್ಮನಿಯಲ್ಲಿ ಸೆಕೆಂಡ್ ಹ್ಯಾಂಡ್ ಕಾರಿನ ಗೀರು: ರಸ್ತೆಗೆ ಉಪ್ಪು ಬೀಳುವ ಮೊದಲು

ಮಂಡ್ಯದ ಕಡೆ ಕಬ್ಬಿನ ಗಾಡಿ ಪಕ್ಕದಲ್ಲಿ ಹಾಯುವಾಗ ಬಾಗಿಲಿಗೆ ಸವರಿ ಒಂದು ಗೆರೆ ಎಳೆದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ತೀರಾ ಕಣ್ಣಿಗೆ ಚುಚ್ಚಿದರೆ ಮೈಸೂರಿಗೆ ಹೋದಾಗ ಪರಿಚಯದ ಟಿಂಕರಿಂಗ್ ಅಂಗಡಿಯಲ್ಲಿ ಬಿಟ್ಟು, ಕೆಲಸ ಮುಗಿದ ಮೇಲೆ ತಂದರಾಯಿತು. ಜರ್ಮನಿಯಲ್ಲಿ ಹಳೇ ಕಾರು ಕೊಂಡವರಿಗೆ ಈ ಎರಡೂ ಅಭ್ಯಾಸ ದುಬಾರಿ. ಅಲ್ಲಿ ಗ್ಯಾರೇಜಿನ ಕೂಲಿ ಗಂಟೆ ಲೆಕ್ಕ. ಒಂದು ಬಾಗಿಲಿಗೆ ಪೂರ್ತಿ ಬಣ್ಣ ಹೊಡೆಸಿದರೆ ನೂರಾರು ಯೂರೊ. ಹಾಗಂತ ಬಿಟ್ಟುಬಿಟ್ಟರೆ ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಸುರಿಯುವ ಉಪ್ಪು, ನೀರಿನ ಜೊತೆ ಸೇರಿ ತಗಡಿಗೆ ಇಳಿಯುತ್ತದೆ. ಮೈಸೂರಿನ ಹವೆಯಲ್ಲಿ ವರ್ಷಗಟ್ಟಲೆ ಹಾಗೇ ಇರುವ ಚುಕ್ಕೆ, ಅಲ್ಲಿ ಎರಡು ಚಳಿಗಾಲದಲ್ಲಿ ಬಣ್ಣದಡಿ ಗುಳ್ಳೆ ಎಬ್ಬಿಸಬಲ್ಲದು.

ಆದ್ದರಿಂದ ಯಾವ ಗೀರನ್ನು ಮುಟ್ಟಲೇಬಾರದು, ಯಾವುದನ್ನು ಕೈಯಲ್ಲೇ ಉಜ್ಜಿ ತೆಗೆಯಬಹುದು, ಯಾವುದನ್ನು ಚಳಿಗೆ ಮುಂಚೆ ಮುಚ್ಚಲೇಬೇಕು ಎಂದು ಮೊದಲು ವಿಂಗಡಿಸಿಕೊಳ್ಳಿ.

ಉಜ್ಜುವ ಮೊದಲು: ಗೀರು ಯಾರು ಮಾಡಿದ್ದು?

ನಿಲ್ಲಿಸಿದ್ದ ಕಾರಿಗೆ ಬೇರೆಯವರು ತಾಗಿಸಿದ್ದರೆ ಬಟ್ಟೆ, ಪಾಲಿಶ್ ಎರಡನ್ನೂ ಒಳಗಿಡಿ. ದೂರದಿಂದ, ಹತ್ತಿರದಿಂದ, ನಂಬರ್ ಪ್ಲೇಟ್ ಕಾಣುವ ಹಾಗೆ ಫೋಟೊ ತೆಗೆಯಿರಿ. ತಾಗಿಸಿದವರು ಸಿಕ್ಕರೆ ಅವರ ಹಾಫ್ಟ್‌ಫ್ಲಿಖ್ಟ್, ಅಂದರೆ ನಮ್ಮ ಥರ್ಡ್ ಪಾರ್ಟಿ ವಿಮೆ, ನಿಮ್ಮ ಖರ್ಚು ಕೊಡಬೇಕು. ಸಣ್ಣ ನಷ್ಟಕ್ಕೆ ಗ್ಯಾರೇಜಿನಿಂದ ಕೋಸ್ಟನ್‌ಫೊರಾನ್‌ಶ್ಲಾಗ್ ಎಂಬ ಖರ್ಚಿನ ಅಂದಾಜು ಪತ್ರ ಸಾಕು. ನಷ್ಟ ಸುಮಾರು 750ರಿಂದ 1000 ಯೂರೊ ದಾಟುವಂತಿದ್ದರೆ ನಿಮಗೆ ಬೇಕಾದ ಸ್ವತಂತ್ರ ಗುಟ್‌ಆಖ್ಟರ್, ಅಂದರೆ ನಷ್ಟ ಅಳೆಯುವ ತಜ್ಞರನ್ನು ಕರೆಸಬಹುದು. ತಪ್ಪು ಪೂರ್ತಿ ಎದುರಿನವರದ್ದಾದರೆ ಆ ಖರ್ಚೂ ಅವರ ವಿಮೆಯದ್ದೇ.

ಹಳೇ ಕಾರಿನವರು ಇನ್ನೊಂದು ವಿಷಯ ತಿಳಿದಿರಬೇಕು. ರಿಪೇರಿ ಮಾಡಿಸಲೇಬೇಕೆಂಬ ಕಡ್ಡಾಯವಿಲ್ಲ. ಅಂದಾಜು ಪತ್ರದ ಮೊತ್ತದಲ್ಲಿ 19% ತೆರಿಗೆ ಕಳೆದು ಉಳಿದದ್ದನ್ನು ಹಣವಾಗಿಯೇ ಪಡೆಯಬಹುದು. ಇದಕ್ಕೆ ಫಿಕ್ಟೀವ್ ಆಬ್‌ರೆಖ್ನುಂಗ್ ಎನ್ನುತ್ತಾರೆ. ಆ ಹಣ ಇಟ್ಟುಕೊಂಡು ಗೀರನ್ನು ನೀವೇ ಸರಿಮಾಡಿದರೂ ತಪ್ಪಿಲ್ಲ. ಆದರೆ ಸರಿಮಾಡಿದ ಮೇಲೂ ಫೋಟೊ ತೆಗೆದಿಡಿ. ಅದೇ ಜಾಗಕ್ಕೆ ಮತ್ತೆ ಯಾರಾದರೂ ತಾಗಿಸಿದರೆ, ಹಳೆಯದು ಸರಿಯಾಗಿತ್ತು ಎಂದು ತೋರಿಸುವ ಹೊರೆ ನಿಮ್ಮ ಮೇಲೆ ಬರುತ್ತದೆ.

ತಾಗಿಸಿದ್ದು ನೀವಾದರೆ? ನಮ್ಮಲ್ಲಿ ಆಚೀಚೆ ನೋಡಿ, ಯಾರೂ ಇಲ್ಲದಿದ್ದರೆ ಹೊರಟುಬಿಡುವವರೇ ಹೆಚ್ಚು. ಸಜ್ಜನರು ವೈಪರ್ ಕೆಳಗೆ ಚೀಟಿ ಸಿಕ್ಕಿಸುತ್ತಾರೆ. ಜರ್ಮನಿಯಲ್ಲಿ ಬರೀ ಚೀಟಿ ಸಾಲದು. ಅಲ್ಲಿನ ದಂಡಸಂಹಿತೆಯ 142ನೇ ಕಲಮಿನ ಪ್ರಕಾರ ತಕ್ಕಷ್ಟು ಹೊತ್ತು ಮಾಲೀಕರಿಗಾಗಿ ಕಾಯಬೇಕು, ಬರದಿದ್ದರೆ ತಡಮಾಡದೆ ತಿಳಿಸಬೇಕು. ಹೊಸಬರಿಗೆ ಸುಲಭದ ದಾರಿ ನಿಂತಲ್ಲಿಂದಲೇ ಪೊಲೀಸರಿಗೆ ಫೋನ್ ಮಾಡುವುದು. ಬಿಟ್ಟು ಹೋದರೆ ದಂಡ, ಲೈಸೆನ್ಸಿಗೆ ಕುತ್ತು, ಕಾನೂನಿನಲ್ಲಿ 3 ವರ್ಷದವರೆಗಿನ ಜೈಲೂ ಉಂಟು. ಸೂಪರ್‌ಮಾರ್ಕೆಟ್ಟಿನ ಪಾರ್ಕಿಂಗಿಗೂ ಇದೇ ನಿಯಮ.

ಗೇಟಿಗೆ ನೀವೇ ಉಜ್ಜಿಕೊಂಡದ್ದು, ಯಾರೋ ಬೀಗದ ಕೈಯಿಂದ ಬೇಕೆಂದೇ ಎಳೆದದ್ದು, ಎರಡೂ ಫೋಲ್‌ಕಾಸ್ಕೊ ಎಂಬ ಪೂರ್ಣ ವಿಮೆಯಲ್ಲಿ ಮಾತ್ರ ಬರುತ್ತವೆ. ಟೈಲ್‌ಕಾಸ್ಕೊ ಎಂಬ ಭಾಗಶಃ ವಿಮೆ ಆಲಿಕಲ್ಲು, ಬಿರುಗಾಳಿ, ಗಾಜು, ಕಳ್ಳತನದಂಥವಕ್ಕೆ. ಫೋಲ್‌ಕಾಸ್ಕೊ ಇದ್ದರೂ ಲೆಕ್ಕ ಹಾಕಿ: ಮೊದಲ 300 ಅಥವಾ 500 ಯೂರೊ ನಿಮ್ಮ ಕೈಯಿಂದ ಹೋಗುವ ಪಾಲಿಸಿಗಳೇ ಹೆಚ್ಚು, ಮೇಲಾಗಿ ಕ್ಲೇಮ್ ಮಾಡಿದರೆ ನಿಮ್ಮ ಬೋನಸ್ ದರ್ಜೆ ಇಳಿದು ಮುಂದಿನ ವರ್ಷಗಳ ಕಂತು ಏರುತ್ತದೆ. ಸಣ್ಣ ಗೀರಿಗೆ ವಿಮೆ ಕೇಳುವುದು ಮೂಗಿಗಿಂತ ಮೂಗುತಿ ಭಾರ ಮಾಡಿಕೊಂಡಂತೆ.

ಆಳ ನೋಡುವುದು

ಕಾರಿನ ತಗಡಿನ ಮೇಲೆ ಕೆಳಗಿನಿಂದ ತುಕ್ಕು ತಡೆಯುವ ಪದರ, ಪ್ರೈಮರ್, ಬಣ್ಣ, ಮೇಲೆ ಪಾರದರ್ಶಕ ಕ್ಲಿಯರ್ ಕೋಟ್ ಇರುತ್ತವೆ. ಎಲ್ಲಾ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಕ್ಲಿಯರ್ ಕೋಟ್ ಒಂದೇ ಸುಮಾರು 40, ಅಂದರೆ ಕೂದಲೆಳೆಯಷ್ಟೂ ದಪ್ಪವಿಲ್ಲ.

ಜಾಗ ತೊಳೆದು ಒರೆಸಿ, ಗೀರಿನ ಮೇಲೆ ಒಂದು ತೊಟ್ಟು ನೀರು ಹಾಕಿ. ನೀರಿರುವಷ್ಟು ಹೊತ್ತು ಗೀರು ಮಾಯವಾದರೆ ಅದು ಕ್ಲಿಯರ್ ಕೋಟಿನಲ್ಲೇ ಇದೆ. ಆಮೇಲೆ ಉಗುರನ್ನು ಅಡ್ಡಕ್ಕೆ ಎಳೆಯಿರಿ. ಜಾರಿದರೆ ಪಾಲಿಶ್ ಸಾಕು; ತಡೆದರೆ ಆಳ ಹೆಚ್ಚು. ಒಳಗೆ ಬಿಳಿ ಅಥವಾ ಬೂದು ಕಂಡರೆ ಪ್ರೈಮರ್, ಹೊಳಪು ಅಥವಾ ಕಂದು ಕಂಡರೆ ತಗಡು. ಬಂಪರ್ ಪ್ಲಾಸ್ಟಿಕ್ ಆದ್ದರಿಂದ ತುಕ್ಕಿನ ಭಯವಿಲ್ಲ, ಅದನ್ನು ಮುಂದಿನ ಬೇಸಗೆಗೆ ತಳ್ಳಿದರೂ ನಡೆಯುತ್ತದೆ. ಬಾನೆಟ್ಟಿನ ಅಂಚು, ಚಕ್ರದ ಮೇಲಿನ ಕಮಾನು, ಬಾಗಿಲ ಕೆಳಗಿನ ಪಟ್ಟಿ, ಈ ಮೂರು ಕಡೆಯ ಚುಕ್ಕೆಗಳನ್ನು ಮಾತ್ರ ಮುಂದಕ್ಕೆ ಹಾಕಬೇಡಿ.

ಗೀರಿನಂತೆ ಕಾಣುವುದೆಲ್ಲ ಗೀರಲ್ಲ. ಇನ್ನೊಂದು ಕಾರಿನ ಬಣ್ಣ ನಿಮ್ಮ ಬಾಗಿಲಿಗೆ ಮೆತ್ತಿಕೊಂಡಿದ್ದರೆ ಐಸೊಪ್ರೊಪಾನೋಲ್ ಎಂಬ ಆಲ್ಕೊಹಾಲ್ ಹಾಕಿದ ಬಟ್ಟೆಯಲ್ಲಿ ಒರೆಸಿ, ಸ್ವಲ್ಪ ಪಾಲಿಶ್ ತಿಕ್ಕಿದರೆ ಅರ್ಧಕ್ಕರ್ಧ ಹೋಗುತ್ತದೆ.

ಕ್ಲಿಯರ್ ಕೋಟಿನ ಗೀರಿಗೆ ಬೌಮಾರ್ಕ್ಟ್‌ನಲ್ಲಿ, ಅಂದರೆ ಓಬಿ, ಹಾರ್ನ್‌ಬಾಖ್‌ನಂಥ ದೊಡ್ಡ ಹಾರ್ಡ್‌ವೇರ್ ಮಳಿಗೆಗಳಲ್ಲಿ, ಕ್ರಾಟ್ಸರ್‌ಎಂಟ್‌ಫೆರ್ನರ್ ಎಂಬ ಟ್ಯೂಬ್ ಸಿಗುತ್ತದೆ. ನಮ್ಮ ರಬ್ಬಿಂಗ್ ಕಾಂಪೌಂಡಿನ ನಯವಾದ ತಮ್ಮ. ಕಡಲೆಕಾಳಿನಷ್ಟು ಮೈಕ್ರೋಫೈಬರ್ ಬಟ್ಟೆಗೆ ಹಚ್ಚಿ, ಗೇಣಗಲ ಜಾಗದಲ್ಲಿ ಎರಡು ಮೂರು ನಿಮಿಷ ತಿಕ್ಕಿ, ಒರೆಸಿ ನೋಡಿ. ನಾಲ್ಕು ಸುತ್ತಿಗೂ ಹೋಗದಿದ್ದರೆ ನಿಲ್ಲಿಸಿ. ಹಟ ಹಿಡಿದು ಉಜ್ಜಿದರೆ ಗೀರಿಗಿಂತ ಮೊದಲು ಕ್ಲಿಯರ್ ಕೋಟ್ ಮುಗಿಯುತ್ತದೆ. ಅಂಚು, ಮಡಿಕೆಗಳ ಮೇಲೆ ಪದರ ಇನ್ನೂ ತೆಳು, ಅಲ್ಲಿ ಟೇಪ್ ಅಂಟಿಸಿಕೊಳ್ಳಿ.

ತಗಡು ಕಂಡ ಚುಕ್ಕೆಗೆ ಟಚಪ್

ಆಟೊಬಾನ್ ಎಂಬ ಹೆದ್ದಾರಿಯಲ್ಲಿ ಮುಂದಿನ ಗಾಡಿಯ ಚಕ್ರದಿಂದ ಚಿಮ್ಮುವ ಕಲ್ಲು ಬಾನೆಟ್ಟಿನಲ್ಲಿ ಸಾಸಿವೆಯಷ್ಟು ಕುಳಿ ಮಾಡುತ್ತದೆ. ಇದಕ್ಕೆ ಬೇಕಾದ್ದು ಲಾಕ್‌ಶ್ಟಿಫ್ಟ್, ಅಂದರೆ ಟಚಪ್ ಬಣ್ಣದ ಸಣ್ಣ ಬಾಟಲಿ. ಬಣ್ಣ ಒಂದು, ಕ್ಲಿಯರ್ ಒಂದು ಇರುವ ಜೋಡಿ ಕೊಳ್ಳಿ. ಒಂದೊಂದರಲ್ಲೂ ಹತ್ತು ಮಿಲಿಲೀಟರ್ ಆಸುಪಾಸು ಇರುತ್ತದೆ.

ಬಣ್ಣದ ಕೋಡ್ ಹುಡುಕುವಾಗ ಬಹಳ ಜನ ಎಡವುವುದು ಫಾರ್‌ತ್ಸಾಯ್ಗ್‌ಶೈನ್ ಎಂಬ ನೋಂದಣಿ ಪತ್ರದಲ್ಲಿ. ಅದರ ಆರ್ ಎಂಬ ಕಲಮಿನಲ್ಲಿ ‘ಕಪ್ಪು’, ‘ಬೂದು’ ಎಂದಷ್ಟೇ ಇರುತ್ತದೆ, ಅದು ಬಣ್ಣದ ಕೋಡ್ ಅಲ್ಲ. ಎಚ್‌ಎಸ್‌ಎನ್, ಟಿಎಸ್‌ಎನ್ ನಂಬರುಗಳೂ ಅಲ್ಲ, ಅವು ಮಾಡೆಲ್ ಗುರುತು. ಕೋಡ್ ಇರುವುದು ಕಾರಿನ ಮೈಮೇಲೆ: ಫೋಕ್ಸ್‌ವ್ಯಾಗನ್, ಸ್ಕೋಡಾ, ಔಡಿಗಳಲ್ಲಿ ಡಿಕ್ಕಿಯ ಸ್ಟೆಪ್ನಿ ಗುಂಡಿಯ ಬಳಿಯ ಅಥವಾ ಸರ್ವಿಸ್ ಪುಸ್ತಕದ ಚೀಟಿಯಲ್ಲಿ, ಬಿಎಂಡಬ್ಲ್ಯುನಲ್ಲಿ ಬಾನೆಟ್ ಕೆಳಗೆ ಅಥವಾ ಬಾಗಿಲ ಕಂಬದಲ್ಲಿ. ಫೋಕ್ಸ್‌ವ್ಯಾಗನ್ನಿನ ಮಿನುಗುವ ಕಪ್ಪು ಎಲ್‌ಸಿ9ಎಕ್ಸ್, ಬಿಎಂಡಬ್ಲ್ಯುನ ಬ್ಲ್ಯಾಕ್ ಸಫೈರ್ 475. ‘ಕಪ್ಪೇ ತಾನೇ’ ಎಂದು ಯಾವುದೋ ಕಪ್ಪು ತಂದರೆ ಬಿಸಿಲಿನಲ್ಲಿ ಬೇರೆ ಬೇರೆಯೇ ಕಾಣುತ್ತದೆ.

ಹವೆ 15ರಿಂದ 25 ಡಿಗ್ರಿ ಇರಬೇಕು, ನೇರ ಬಿಸಿಲು ಬೇಡ. ಆದ್ದರಿಂದ ಸೆಪ್ಟೆಂಬರ್ ಒಳಗೆ ಮುಗಿಸಿಕೊಳ್ಳಿ. ಅಕ್ಟೋಬರ್ ಕೊನೆಗೆ ತೇವ, ಚಳಿ ಎರಡೂ ಸೇರಿ ಕ್ಲಿಯರ್ ಕೋಟ್ ಹಾಲಿನ ಕೆನೆಯಂತೆ ಮಂಕಾಗುತ್ತದೆ.

ಮೊದಲು ಕಾರು ತೊಳೆಸಿ, ಪೂರ್ತಿ ಒಣಗಿಸಿ. ಕುಳಿಯಲ್ಲಿ ಕಂದು ಕಂಡರೆ ಗಾಜಿನ ನಾರಿನ ಪೆನ್ನಿನಿಂದ ಹೊಳೆಯುವ ತಗಡು ಬರುವ ತನಕ ಕೆರೆಯಿರಿ, ಸುತ್ತಲಿನ ಬಣ್ಣಕ್ಕೆ ತಾಗದಂತೆ. ಆ ನಾರು ಚರ್ಮಕ್ಕೆ ಮುಳ್ಳಿನಂತೆ ಚುಚ್ಚಿಕೊಳ್ಳುತ್ತದೆ, ಗ್ಲೋವ್ಸ್ ಹಾಕಿಕೊಳ್ಳಿ, ಪುಡಿಯನ್ನು ಬಾಯಲ್ಲಿ ಊದಬೇಡಿ. ಸಡಿಲವಾದ ಬಣ್ಣದ ಅಂಚನ್ನು ಎಬ್ಬಿಸಿ ತೆಗೆಯಿರಿ. ಆಮೇಲೆ ಜಿಲಿಕೋನ್‌ಎಂಟ್‌ಫೆರ್ನರ್ ಎಂಬ ದ್ರಾವಣದಿಂದ ಒರೆಸಿ. ಹಿಂದಿನ ಮಾಲೀಕರು ಹಾಕಿದ ವ್ಯಾಕ್ಸ್, ಸಿಲಿಕಾನ್ ಉಳಿದರೆ ಹೊಸ ಬಣ್ಣ ಎಣ್ಣೆ ಬಾಣಲೆಗೆ ಬಿದ್ದ ನೀರಿನ ಹಾಗೆ ಅತ್ತಿತ್ತ ಸರಿದು ನಡುವೆ ತೂತು ಬಿಡುತ್ತದೆ.

ತಗಡು ಕಂಡಿದ್ದರೆ ತುಕ್ಕು ತಡೆಯುವ ಪ್ರೈಮರನ್ನು ಸೂಜಿಮೊನೆಯಷ್ಟು ಇಡಿ, ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಒಣಗಲಿ. ಮೆಟಾಲಿಕ್ ಬಣ್ಣವಾದರೆ ಬಾಟಲಿಯನ್ನು ಎರಡು ನಿಮಿಷವಾದರೂ ಕುಲುಕಿ, ಮಿನುಗುವ ಚೂರುಗಳು ತಳಕ್ಕೆ ಇಳಿದಿರುತ್ತವೆ. ಮುಚ್ಚಳದ ಬ್ರಷ್ ಸಾಸಿವೆಯಷ್ಟು ಕುಳಿಗೆ ತೀರಾ ದಪ್ಪ. ಟೂತ್‌ಪಿಕ್‌ನ ತುದಿಯನ್ನು ಬಣ್ಣದಲ್ಲಿ ಅದ್ದಿ, ಕುಳಿಯ ನಡುವೆ ತಾಗಿಸಿ, ಅದು ತಾನೇ ಹರಿದು ಅಂಚಿಗೆ ನಿಲ್ಲಲು ಬಿಡಿ. ಎಳೆಯಬೇಡಿ. ಇಪ್ಪತ್ತು ಮೂವತ್ತು ನಿಮಿಷ ಬಿಟ್ಟು ಇನ್ನೊಮ್ಮೆ, ಬೇಕಾದರೆ ಮೂರನೆಯ ಸಲ. ಬಣ್ಣ ಒಣಗುತ್ತ ಕುಗ್ಗುವುದರಿಂದ ಮೊದಲ ಸಲಕ್ಕೆ ತುಂಬಿದಂತೆ ಕಂಡದ್ದು ಬೆಳಿಗ್ಗೆ ಹಳ್ಳವಾಗಿರುತ್ತದೆ. ಅವಸರಕ್ಕೆ ಒಂದೇ ದಪ್ಪ ತೊಟ್ಟು ಇಟ್ಟವರದ್ದು ಮೇಲೆ ಕೆನೆಗಟ್ಟಿ ಒಳಗೆ ಹಸಿಯಾಗಿಯೇ ಉಳಿಯುತ್ತದೆ. ಬಣ್ಣ ಸುತ್ತಲ ಮಟ್ಟಕ್ಕಿಂತ ಒಂದಿಷ್ಟು ಕೆಳಗೇ ಇರಲಿ, ಒಂದು ಗಂಟೆ ಬಿಟ್ಟು ಕ್ಲಿಯರ್ ಇಟ್ಟಾಗ ಅದು ಮಟ್ಟದಿಂದ ಚೂರು ಉಬ್ಬಬೇಕು.

ಉಬ್ಬನ್ನು ಅಂದೇ ಮಟ್ಟ ಮಾಡಲು ಹೋಗಬೇಡಿ. ಒಂದು ವಾರ ಬಿಟ್ಟು, 2500 ಅಥವಾ 3000ರ ವಾಟರ್ ಪೇಪರನ್ನು ಪೆನ್ಸಿಲ್ ರಬ್ಬರಿಗೆ ಸುತ್ತಿ, ಸೋಪು ನೀರಿನಲ್ಲಿ ಅದ್ದಿ, ಉಬ್ಬಿನ ಮೇಲಷ್ಟೇ ನಾಲ್ಕಾರು ಸಲ ಹಗುರಾಗಿ ಓಡಿಸಿ, ಆಮೇಲೆ ಪಾಲಿಶ್. ಬೆಳ್ಳಿ ಬಣ್ಣದ ಮೆಟಾಲಿಕ್ಕಿನಲ್ಲಿ ಎಷ್ಟೇ ಚೆನ್ನಾಗಿ ಮಾಡಿದರೂ ಹತ್ತಿರ ಹೋದರೆ ಚುಕ್ಕೆ ಕಾಣುತ್ತದೆ. ಸ್ಪ್ರೇಯಲ್ಲಿ ಮಿನುಗುಗಳು ಕೂರುವ ಹಾಗೆ ಕಡ್ಡಿಯಲ್ಲಿ ಕೂರುವುದಿಲ್ಲ. ತುಕ್ಕು ನಿಂತರೆ ಕೆಲಸ ಗೆದ್ದಂತೆ.

ಆಯುಧಪೂಜೆಯ ದಿನ ಹೊಸ ಟಚಪ್ ಮೇಲೆ ಒದ್ದೆ ಅರಿಶಿನ, ಕುಂಕುಮ ಇಡಬೇಡಿ, ಕಲೆ ನಿಂತುಬಿಡುತ್ತದೆ. ಗಾಜಿಗೆ ಇಟ್ಟರೆ ದೇವರೇನೂ ಬೇಡವೆನ್ನುವುದಿಲ್ಲ. ಬೂದುಗುಂಬಳ ಮಾತ್ರ ರಸ್ತೆಗೆ ಒಡೆಯಬೇಡಿ. ರಸ್ತೆಯಲ್ಲಿ ಜಾರುವ, ಅಡ್ಡವಾಗುವ ವಸ್ತು ಬಿಟ್ಟರೆ ಸಂಚಾರ ನಿಯಮದಲ್ಲಿ ತಪ್ಪು.

ತೊಳೆಯುವುದು, ಕೆಲಸದ ಜಾಗ

ಮನೆ ಮುಂದೆ ಬಕೆಟ್ಟು, ಪೈಪು ಹಿಡಿದು ಕಾರು ತೊಳೆಯುವ ನಮ್ಮ ಭಾನುವಾರದ ಪದ್ಧತಿ ಅಲ್ಲಿಗೆ ಒಗ್ಗುವುದಿಲ್ಲ. ಕೊಳೆ ನೀರು ಅಂತರ್ಜಲಕ್ಕೆ ಇಳಿಯಬಾರದೆಂದು ಊರೂರಿಗೂ ನಿಯಮಗಳಿವೆ; ಬಹಳ ಕಡೆ ರಸ್ತೆಯಲ್ಲೂ ಮಣ್ಣಂಗಳದಲ್ಲೂ ನಿಷೇಧ. ಎಸ್‌ಬಿ ವಾಶ್‌ಬಾಕ್ಸ್ ಎಂಬ ನಾಣ್ಯ ಹಾಕಿ ತೊಳೆಯುವ ಜಾಗಕ್ಕೆ ಹೋಗಿ. ಅಲ್ಲಿ ನೇತಾಡುವ ಬ್ರಷ್ಷಿನಲ್ಲಿ ಹಿಂದಿನವರ ಮರಳು ಸಿಕ್ಕಿಕೊಂಡಿರುತ್ತದೆ. ಗೀರು ತೆಗೆಸಲು ಹೋಗಿ ನೂರು ಗೀರು ತರುವುದು ಅದೇ. ಪ್ರೆಶರ್ ನಳಿಕೆಯನ್ನು ಟಚಪ್‌ನಿಂದ ಒಂದೂವರೆ ಅಡಿ ದೂರ ಹಿಡಿಯಿರಿ.

ಬಾಡಿಗೆ ಮನೆಯ ನೆಲಮಾಳಿಗೆ ಪಾರ್ಕಿಂಗಿನಲ್ಲಿ ಸ್ಪ್ರೇ ಹೊಡೆಯಲು ಮನೆಯ ನಿಯಮ ಸಾಮಾನ್ಯವಾಗಿ ಬಿಡುವುದಿಲ್ಲ, ಭಾನುವಾರ ಪಾಲಿಶಿಂಗ್ ಮೆಷೀನ್ ಓಡಿಸಿದರೆ ನೆರೆಯವರು ಬರುತ್ತಾರೆ. ಗಂಟೆ ಲೆಕ್ಕದಲ್ಲಿ ಜಾಗ, ಸಲಕರಣೆ ಬಾಡಿಗೆಗೆ ಕೊಡುವ ಮೀಟ್‌ವೆರ್ಕ್‌ಶ್ಟಾಟ್ ದೊಡ್ಡ ಊರುಗಳಲ್ಲಿದೆ. ಉಳಿದ ಹಸಿ ಬಣ್ಣ, ಥಿನ್ನರ್ ಮನೆ ಕಸಕ್ಕೂ ಚರಂಡಿಗೂ ಅಲ್ಲ, ಊರಿನ ಅಪಾಯಕಾರಿ ಕಸದ ಕೇಂದ್ರಕ್ಕೆ.

ಅಂಗಡಿಗೆ ಕೊಡುವುದಾದರೆ

ಅಂಗೈಗಿಂತ ಚಿಕ್ಕದಾದ, ಬಂಪರ್ ಅಥವಾ ಪಕ್ಕದ ಮೂಲೆಯ ಗೀರಿಗೆ ‘ಸ್ಮಾರ್ಟ್ ರಿಪೇರ್’ ಎಂದು ಕೇಳಿ. ಅಷ್ಟು ಜಾಗಕ್ಕೆ ಮಾತ್ರ ಬಣ್ಣ ಹೊಡೆದು ಅಂಚು ಬೆರೆಸುತ್ತಾರೆ. ಬಾನೆಟ್ಟಿನ ನಡುವೆ ಇದು ಚೆನ್ನಾಗಿ ಬರುವುದಿಲ್ಲ, ಬೆರೆಸಿದ ಗೆರೆ ಬೆಳಕಿಗೆ ಕಾಣುತ್ತದೆ. ಅಂದಾಜು ಪತ್ರಕ್ಕೆ ಹಣವಿದೆಯೇ ಎಂದು ಮೊದಲೇ ಕೇಳಿಕೊಳ್ಳಿ. ‘ಬಿಲ್ ಬೇಡ ಅಂದ್ರೆ ಎಷ್ಟಕ್ಕೆ ಮಾಡ್ತೀರಾ’ ಎಂಬ ನಮ್ಮ ಪ್ರಶ್ನೆಯನ್ನು ಊರಲ್ಲೇ ಬಿಟ್ಟು ಹೋಗಿ. ಬಿಲ್ಲಿಲ್ಲದ ಕೆಲಸ ಕೆಟ್ಟರೆ ದೂರು ಕೊಡುವ ಹಕ್ಕಿಲ್ಲವೆಂದು ಅಲ್ಲಿನ ಸರ್ವೋಚ್ಚ ಸಿವಿಲ್ ನ್ಯಾಯಾಲಯ 2013ರಲ್ಲೇ ಹೇಳಿದೆ.

ಕಾರು ರಸ್ತೆಗೆ ಯೋಗ್ಯವೇ ಎಂದು ನೋಡುವ, ಎರಡು ವರ್ಷಕ್ಕೊಮ್ಮೆಯ ಟ್ಯೂಫ್ ತಪಾಸಣೆಗೆ ಬಣ್ಣದ ಗೀರು ಲೆಕ್ಕಕ್ಕಿಲ್ಲ. ಭಾರ ಹೊರುವ ಭಾಗದಲ್ಲಿ ತುಕ್ಕು ತಿಂದಿದ್ದರೆ, ಒಡೆದ ಬಂಪರಿನ ಚೂಪು ಅಂಚು ಹೊರಗೆ ಚಾಚಿದ್ದರೆ ನಿಲ್ಲಿಸುತ್ತಾರೆ.

ಮಾರುವಾಗ ‘ಉನ್‌ಫಾಲ್‌ಫ್ರೈ’, ಅಪಘಾತವಾಗಿಲ್ಲ, ಎಂದು ಬರೆಯುವ ಮೊದಲು ನೆನಪಿಡಿ: ಹೊರಗಿನ ಸಣ್ಣ ಬಣ್ಣದ ಗೀರು ಅಪಘಾತವಲ್ಲ, ಆದರೆ ತಗಡು ನಗ್ಗಿದ್ದರೆ ರಿಪೇರಿ ಅಗ್ಗವಾಗಿದ್ದರೂ ಹೇಳಲೇಬೇಕೆಂಬುದು ಅದೇ ನ್ಯಾಯಾಲಯದ 2007ರ ತೀರ್ಪು. ಕೊಳ್ಳುವವರು ಬಣ್ಣದ ದಪ್ಪ ಅಳೆಯುವ ಮೀಟರ್ ತಂದಿರುತ್ತಾರೆ. ನಾಲ್ಕು ಕಡೆ 120 ಮೈಕ್ರಾನ್ ತೋರಿಸಿ ಒಂದು ಬಾಗಿಲಲ್ಲಿ 300 ತೋರಿಸಿದರೆ ಅಲ್ಲಿ ಮತ್ತೆ ಬಣ್ಣ ಬಿದ್ದಿದೆ, 1000 ದಾಟಿದರೆ ಅಡಿಯಲ್ಲಿ ಪುಟ್ಟಿ ಇದೆ. ಕಾರು ಕೊಳ್ಳಲು ಹೊರಟಾಗ ನೀವೂ ಅಂಥದ್ದೊಂದು ಹಿಡಿದುಕೊಂಡು ಹೋಗಿ.