ಲಾಫಯೆಟ್‌ಗೆ ಬಂದಿದ್ದೀರಾ? ಮೊದಲು ಕೇಜನ್ ವಾಲ್ಟ್ಸ್ ಕಲಿಯಿರಿ

ಲೂಸಿಯಾನಾದ ಈ ಊರಿಗೆ ಓದಲೋ ಕೆಲಸಕ್ಕೋ ಬಂದ ನಮ್ಮವರಲ್ಲಿ ಹಲವರು ರಜೆ ಸಿಕ್ಕರೆ ಸಾಕು, ದಿನಸಿ ತರಲು ಹ್ಯೂಸ್ಟನ್‌ಗೆ ಹೊರಡುತ್ತಾರೆ. ಒಂದು ಭಾನುವಾರ ಅದನ್ನು ಬಿಟ್ಟು ಇಲ್ಲೇ, ಫ್ರೆಂಚ್ ಮನೆಮಾತಿನ ಕೇಜನ್ ಜನರ ಕುಣಿತಕ್ಕೆ ಬನ್ನಿ. ಊರಿನ ಜನ ನಿಜವಾಗಿ ಪರಿಚಯವಾಗುವುದು ಅಲ್ಲೇ.

ಗುರುತಿಲ್ಲದವರ ಕೈ ಹಿಡಿದು ಕುಣಿಯುವುದು ನಮಗೆ ರೂಢಿಯಿಲ್ಲ, ಅಲ್ವಾ? ನನಗೂ ಮೊದಲ ದಿನ ಅಂಗೈ ಬೆವೆತಿತ್ತು. ಇಲ್ಲಿ ಅದಕ್ಕೆ ಬೇರೆ ಅರ್ಥವಿಲ್ಲ. ಅಜ್ಜಿ ಕಾಲೇಜು ಹುಡುಗನ ಜೊತೆ ಕುಣಿಯುತ್ತಾರೆ, ಅಪ್ಪ ಪುಟ್ಟ ಮಗಳ ಜೊತೆ. ಹೆಂಗಸರೂ ಕರೆಯಬಹುದು. ಹಾಡು ಮುಗಿದರೆ ಥ್ಯಾಂಕ್ಸ್ ಹೇಳಿ ಬೇರೆಯಾಗುವುದು ವಾಡಿಕೆ. ಇಷ್ಟವಿಲ್ಲದಿದ್ದರೆ ನಗುತ್ತಾ ಬೇಡ ಎಂದರೆ ಸಾಕು.

ಮೂರೆಣಿಕೆಯ ಜೋಡಿ ಕುಣಿತ ವಾಲ್ಟ್ಸ್‌ನಿಂದ ಶುರು ಮಾಡಿ. ತಾಳ ನಮಗೆ ಹೊಸದಲ್ಲ: ತಕಿಟ, ತಕಿಟ. ಎಡ-ಬಲ-ಎಡ, ಬಲ-ಎಡ-ಬಲ. ಮುಂದೆ ನಡೆಸುವವರು ಎಡಗಾಲಲ್ಲಿ ಹೊರಟರೆ ಜೊತೆಯವರು ಬಲಗಾಲಲ್ಲಿ. ಪಾದ ಎತ್ತಿ ಇಡಬೇಡಿ, ನೆಲ ಸವರಿಕೊಂಡು ಹೋಗಬೇಕು. ನಾನು ತಲೆ ಬಗ್ಗಿಸಿ ಕಾಲನ್ನೇ ನೋಡುತ್ತಿದ್ದೆ. ಜೊತೆಗಿದ್ದ ಹಿರಿಯಾಕೆ ನನ್ನ ಭುಜದ ಮೇಲೆ ಎರಡು ಬೆರಳಿಂದ ತಾಳ ತಟ್ಟುತ್ತಾ, "ಕಾಲು ಬೇಡ ಮಗು, ನನ್ನ ಮುಖ ನೋಡು" ಎಂದರು. ಅರ್ಧ ಹಾಡಿನಲ್ಲಿ ಲೆಕ್ಕ ಹಾಕುವುದೇ ನಿಂತುಹೋಯಿತು. ಎಷ್ಟು ವಿಡಿಯೋ ನೋಡಿದರೂ ಬಾರದ್ದು ಆ ಎರಡು ಬೆರಳಿಂದ ಬಂತು.

ಇನ್ನೊಂದು ಕುಣಿತ ಟೂ-ಸ್ಟೆಪ್, ಅದು ತಕಧಿಮಿ ಲೆಕ್ಕ. ಎಡಕ್ಕೆ ಹೆಜ್ಜೆ, ಕಾಲು ಕೂಡಿಸು, ಎಡಕ್ಕೆ ಹೆಜ್ಜೆ, ಕಾಲ್ಬೆರಳ ತುದಿ ನೆಲಕ್ಕೆ ತಾಗಿಸು. ಆಮೇಲೆ ಬಲಕ್ಕೆ ಹಾಗೇ. ಕೈ ಹೆಣೆದು ತಿರುಗುವ ಜಿಟರ್‌ಬಗ್‌ಗೆ ಈಗಲೇ ಹೋಗಬೇಡಿ.

ಎಲ್ಲರೂ ಅಪ್ರದಕ್ಷಿಣವಾಗಿ, ಅಂದರೆ ದೇವಸ್ಥಾನದಲ್ಲಿ ಸುತ್ತುವುದಕ್ಕೆ ಉಲ್ಟಾ, ಸುತ್ತುತ್ತಾರೆ. ಹೊರಸುತ್ತಿನಲ್ಲಿ ನಡುವೆ ನಿಲ್ಲಬೇಡಿ. ಹೆಜ್ಜೆ ತಪ್ಪಿದರೆ ಸುಮ್ನೆ ನಡೆಯುತ್ತಿರಿ, ತಾಳ ಮತ್ತೆ ಸಿಗುತ್ತದೆ. ರಬ್ಬರ್ ಅಡಿಯ ಬೂಟು ಮಾತ್ರ ಬೇಡ. ಅದು ಮರದ ನೆಲಕ್ಕೆ ಕಚ್ಚಿಕೊಂಡು, ತಿರುಗುವಾಗ ನನ್ನ ಮಂಡಿ ಉಳುಕಿ ಎರಡು ವಾರ ನೋವಿತ್ತು. ಚರ್ಮದ ಅಡಿಯ ಚಪ್ಪಟೆ ಶೂ ಒಳ್ಳೆಯದು.

ಹಾಡು ಫ್ರೆಂಚ್‌ನಲ್ಲಿರುತ್ತದೆ. 1755ರಿಂದ ಬ್ರಿಟಿಷರು ಈಗಿನ ಕೆನಡಾದ ನೋವಾ ಸ್ಕೋಷಿಯಾದಿಂದ ಓಡಿಸಿದ ಅಕೇಡಿಯನ್ನರ, ಅಂದರೆ ಕೇಜನ್ನರ ಪೂರ್ವಜರ, ಮನೆಮಾತು ಅದು. 1921ರ ರಾಜ್ಯ ಸಂವಿಧಾನ ಶಾಲೆಗಳಲ್ಲಿ ಇಂಗ್ಲಿಷ್ ಮಾತ್ರ ಎಂದಿತು. ಮನೆಮಾತು ಆಡಿದ್ದಕ್ಕೆ ಮಕ್ಕಳಿಗೆ ಶಿಕ್ಷೆ ಆಗುತ್ತಿತ್ತು. ಆದರೂ ಹಾಡು, ಕುಣಿತದಲ್ಲಿ ಆ ಭಾಷೆ ಉಳಿಯುತ್ತಾ ಬಂತು. ಕೂತಿದ್ದಾಗ ಹಿರಿಯರನ್ನು ಒಂದು ಸಾಲಿನ ಅರ್ಥ ಕೇಳಿ ನೋಡಿ, ಎಷ್ಟು ಖುಷಿಯಿಂದ ಹೇಳುತ್ತಾರೆ! ಪಿಟೀಲು, ಹತ್ತು ಗುಂಡಿಯ ಅಕಾರ್ಡಿಯನ್, ಟಿ-ಫೆರ್ ಎಂಬ ಕಬ್ಬಿಣದ ತ್ರಿಕೋನ ಸಾಮಾನ್ಯವಾಗಿ ಇರುತ್ತವೆ. ಆ ತ್ರಿಕೋನವನ್ನು ಹಿಂದೆ ಹುಲ್ಲು ಎಳೆಯುವ ಕುಂಟೆಯ ಹಲ್ಲಿನಿಂದ ಮಾಡುತ್ತಿದ್ದರು.

ಭಾನುವಾರದ ಕುಣಿತಕ್ಕೆ ಹಳೇ ಹಳ್ಳಿಯಂತೆ ಕಟ್ಟಿದ ವಸ್ತುಸಂಗ್ರಹಾಲಯ ವರ್ಮಿಲಿಯನ್‌ವಿಲ್ ಒಳ್ಳೆಯ ಜಾಗ, ಸಮಯ ವಿಚಾರಿಸಿಕೊಂಡು ಹೋಗಿ. ಅಕ್ಟೋಬರ್‌ನಲ್ಲಿ ಊರಿನ ಜಿರಾರ್ಡ್ ಪಾರ್ಕ್‌ನಲ್ಲಿ ಈ ಸಂಗೀತ, ಕುಣಿತದ ಹಬ್ಬವಿದೆ, ಟಿಕೆಟ್ ಇಲ್ಲ. ಮಾಮೂ ಊರಿನ ಫ್ರೆಡ್ಸ್ ಲೌಂಜ್‌ನಲ್ಲಿ ಶನಿವಾರ ಬೆಳಗ್ಗೆಯೇ ಕುಣಿತ, ಆದರೆ ಅದು ಬಾರ್. ಸಸ್ಯಾಹಾರಿಗಳು ಮನೆಯಲ್ಲೇ ಉಂಡು ಬನ್ನಿ. ಗಂಬೋ ನಮ್ಮ ಅನ್ನ-ಸಾರಿನಂತೆ ಕಂಡರೂ ಮಾಂಸ ಇದ್ದೇ ಇರುತ್ತದೆ ಎನ್ನಬಹುದು, ಬೀನ್ಸ್‌ನಲ್ಲೂ ಸಾಸೇಜ್ ಇರಬಹುದು.

ಮಕ್ಕಳನ್ನು ಯಾರ ಹತ್ತಿರ ಬಿಡುವುದು ಎಂಬ ಚಿಂತೆ ಬೇಡ, ಹಬ್ಬಕ್ಕೆ ಕರೆದುಕೊಂಡೇ ಬನ್ನಿ. ಈ ಕುಣಿತದ ಕೂಟಕ್ಕೆ ಹಳಬರು ಹೇಳುವ ಹೆಸರು ಫೇ-ದೋ-ದೋ, ಅಂದರೆ "ಜೋ ಜೋ, ಮಲಗು". ಅಮ್ಮಂದಿರು ಕೂಸುಗಳನ್ನು ಪಕ್ಕದ ಕೋಣೆಯಲ್ಲಿ ತಟ್ಟಿ ಮಲಗಿಸಿ, ಸದ್ದಾಗದಂತೆ ಬಾಗಿಲು ಮುಚ್ಚಿ, ಕುಣಿಯಲು ಹೊರಗೆ ಬರುತ್ತಿದ್ದರಂತೆ.