ಹೆಸರು ಅಳಿಸಿದರೆ ಸಾಲದು: ವಿದ್ಯಾರ್ಥಿಗಳ ಮಾಹಿತಿಯನ್ನು ಸಂಶೋಧಕರಿಗೆ ಕೊಡುವುದು ಹೇಗೆ?

ಯಾವ ಮಕ್ಕಳು ಶಾಲೆ ಬಿಡುತ್ತಾರೆ, ಯಾವ ತರಗತಿಯಲ್ಲಿ ಗಣಿತ ಕೈಕೊಡುತ್ತದೆ? ಇದಕ್ಕೆಲ್ಲ ಉತ್ತರ ಶಾಲೆಯ ದಾಖಲೆಗಳಲ್ಲೇ ಇರುತ್ತದೆ. ಅದು ಸಂಶೋಧಕರಿಗೆ ಸಿಗಬೇಕು. ಆದರೆ ಒಂದೇ ಒಂದು ಮಗುವಿನ ಗುಟ್ಟೂ ಬಯಲಾಗಬಾರದು.

ಮೊದಲು ಸಂಶೋಧಕರ ಪ್ರಶ್ನೆಯನ್ನು ಬರಹದಲ್ಲಿ ಪಡೆಯಿರಿ. ಅದಕ್ಕೆ ಬೇಕಾದ ಕಾಲಂಗಳನ್ನಷ್ಟೇ ಆರಿಸಿ. ಹಾಜರಿಯ ಅಧ್ಯಯನಕ್ಕೆ ಫೋನ್ ನಂಬರ್ ಯಾಕೆ? ಹುಟ್ಟಿದ ದಿನಾಂಕದ ಬದಲು ವಯಸ್ಸು ಸಾಕಲ್ವಾ? ‘ಇರಲಿ ಬಿಡಿ’ ಎಂದು ಇಡೀ ಫೈಲನ್ನು ಸುಮ್ನೆ ಕಳಿಸಬೇಡಿ.

ಆಮೇಲೆ ನಿಮಗೆ ಯಾವ ಕಾನೂನು ಅನ್ವಯಿಸುತ್ತದೆ ನೋಡಿ. ವಿದ್ಯಾರ್ಥಿಗಳ ದಾಖಲೆಗಳ ಗುಟ್ಟು ಕಾಯುವ ಅಮೆರಿಕದ 1974ರ ಫೆರ್ಪಾ ಕಾಯ್ದೆಯಲ್ಲಿ, ಶಾಲೆಯ ಪರವಾಗಿ ಬೋಧನೆ ಸುಧಾರಿಸಲು ನಡೆಯುವ ಅಧ್ಯಯನಕ್ಕೆ ಪೋಷಕರ ಒಪ್ಪಿಗೆ ಇಲ್ಲದೆಯೂ ಮಾಹಿತಿ ಕೊಡಬಹುದು. ಆದರೆ ಲಿಖಿತ ಒಪ್ಪಂದ ಬೇಕೇ ಬೇಕು. ಭಾರತದ 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಗೆ 18 ತುಂಬದವರೆಲ್ಲ ಮಕ್ಕಳೇ. ಅದರಲ್ಲೂ ಸಂಶೋಧನೆಗೆ ವಿನಾಯಿತಿ ಇದೆ, ಆದರೆ ಆ ಮಾಹಿತಿ ಹಿಡಿದು ಯಾರೋ ಒಬ್ಬರ ಬಗ್ಗೆ ತೀರ್ಮಾನ ಮಾಡುವಂತಿಲ್ಲ.

ಇನ್ನು ನಿಜವಾದ ಕೆಲಸ, ಗುರುತು ಮರೆಸುವುದು. ಹೆಸರು, ರೋಲ್ ನಂಬರ್ ತೆಗೆದರೆ ಮುಗಿಯಿತು ಅಂದುಕೊಳ್ಳುವವರು ಜಾಸ್ತಿ. ಅಲ್ಲೇ ಎಡವುವುದು. ಹುಟ್ಟಿದ ದಿನಾಂಕ, ಲಿಂಗ, ಐದಂಕಿಯ ಜಿಪ್ ಕೋಡ್ (ನಮ್ಮ ಪಿನ್ ಕೋಡ್ ಇದ್ದಂತೆ) ಇಷ್ಟರಿಂದಲೇ ಅಮೆರಿಕದ ಶೇ 87ರಷ್ಟು ಜನರನ್ನು ಬೇರೆಯಾಗಿ ಗುರುತಿಸಬಹುದು ಎಂದು ಮಾಹಿತಿ ಗೋಪ್ಯತೆಯ ಸಂಶೋಧಕಿ ಲಟಾನ್ಯಾ ಸ್ವೀನಿ 2000ದಲ್ಲೇ ಅಂದಾಜು ಮಾಡಿದ್ದರು. ಹೆಸರಿನ ಜಾಗಕ್ಕೆ ಕೋಡ್ ಹಾಕುವುದಾದರೆ ರೋಲ್ ನಂಬರ್‌ನಿಂದ ಮಾಡಬೇಡಿ, ಯಾವ ಕ್ರಮಕ್ಕೂ ಸಿಗದ ಅಂಕಿ ಕೊಡಿ. ಯಾವ ಕೋಡ್ ಯಾರದ್ದು ಎಂಬ ಪಟ್ಟಿ ಶಾಲೆಯಲ್ಲೇ ಇರಲಿ.

ಅಂಕಿಗಳ ಪಟ್ಟಿಯೂ ಬಾಯಿ ಬಿಡುತ್ತದೆ. ತರಗತಿಯಲ್ಲಿ 25 ಮಕ್ಕಳು, ಮೂರು ಗುಂಪು ಎನ್ನಿ. ಸಣ್ಣ ಗುಂಪಿನ ಮಕ್ಕಳು ಯಾರೆಂದು ಸುಲಭವಾಗಿ ತಿಳಿಯುತ್ತದೆ ಎಂದು ಅದರ ಮಕ್ಕಳ ಸಂಖ್ಯೆ ಮುಚ್ಚಿಟ್ಟು, ಉಳಿದವು 12 ಮತ್ತು 11 ಎಂದು ತೋರಿಸಿದರೆ ಏನು ಬಂತು? ಕಳೆದು ನೋಡಿದರೆ 2 ಎಂದು ಯಾರಿಗಾದರೂ ಗೊತ್ತಾಗುತ್ತದೆ. ಇನ್ನೊಂದು ಅಂಕಿಯನ್ನೂ ಮುಚ್ಚಿ, ಇಲ್ಲವೇ ಗುಂಪುಗಳನ್ನು ಕೂಡಿಸಿ. ಗುಂಪು ದೊಡ್ಡದಿದ್ದರೂ ‘ಎಲ್ಲರೂ ಫೇಲ್’ ಎಂದು ಬರೆದರೆ ಪ್ರತಿ ಮಗುವಿನ ಫಲಿತಾಂಶವನ್ನೂ ಹೇಳಿದಂತೆಯೇ.

ಒಪ್ಪಂದದಲ್ಲಿ ಫೈಲು ತೆರೆಯುವವರು ಯಾರು, ಇಡುವುದು ಎಲ್ಲಿ, ಅಳಿಸುವುದು ಯಾವಾಗ ಎಂದು ಬರೆಸಿ. ಬೇರೆಯವರಿಗೆ ದಾಟಿಸಬಾರದು, ಮಕ್ಕಳನ್ನು ಗುರುತಿಸಲು ಪ್ರಯತ್ನಿಸಬಾರದು ಎಂಬ ಮಾತೂ ಇರಲಿ. ಕಳಿಸುವಾಗ ಫೈಲಿಗೆ ಬೀಗ ಹಾಕಿ, ಪಾಸ್‌ವರ್ಡ್ ಬೇರೆ ದಾರಿಯಲ್ಲಿ ತಿಳಿಸಿ.

ಕಾನೂನು ಕೇಳದಿದ್ದರೂ ಪೋಷಕರಿಗೆ ಮೊದಲೇ ಹೇಳಿ. ಅಮೆರಿಕದ ಇನ್‌ಬ್ಲೂಮ್ ಎಂಬ ವಿದ್ಯಾರ್ಥಿ ಮಾಹಿತಿ ಯೋಜನೆ ಪೋಷಕರ ವಿರೋಧದಿಂದ 2014ರಲ್ಲಿ ಬಾಗಿಲು ಹಾಕಬೇಕಾಯಿತು. ಅಧ್ಯಯನ ಮುಗಿದ ಮೇಲೆ, ಬ್ಯಾಕಪ್ ಪ್ರತಿಗಳನ್ನೂ ಅಳಿಸಿದ್ದೇವೆ ಎಂಬ ಪತ್ರ ಸಂಶೋಧಕರಿಂದ ಬರಲಿ. ಅದನ್ನು ಒಪ್ಪಂದದ ಜೊತೆಗೇ ಫೈಲು ಮಾಡಿ.