ಇಲಿ ಸುಮ್ಮನಾಯಿತು, ನನಗೆ ನಂಬಿಕೆ ಬರಲಿಲ್ಲ

ಡ್ಯಾಟ್ ನಾಕೌಟ್ ಇಲಿ ನಿಂತಲ್ಲಿ ನಿಲ್ಲುವುದಿಲ್ಲ. ನರಕೋಶಗಳು ಸಂದೇಶ ಕಳಿಸಲು ಸುರಿಯುವ ಡೋಪಮೈನನ್ನು ವಾಪಸ್ ಒಳಗೆ ಎಳೆದುಕೊಳ್ಳುವ ಡ್ಯಾಟ್ ಅನ್ನುವ ಪ್ರೋಟೀನೇ ಅದಕ್ಕಿಲ್ಲ, ಅದರ ಜೀನನ್ನೇ ಕೆಡಿಸಿರುತ್ತಾರೆ; ನಾಕೌಟ್ ಅಂದರೆ ಅದೇ. ಹಾಗಾಗಿ ಡೋಪಮೈನ್ ಸಾಮಾನ್ಯ ಇಲಿಗಿಂತ ನೂರು ಪಟ್ಟು ಜಾಸ್ತಿ ಹೊತ್ತು ಹೊರಗೇ ಉಳಿಯುತ್ತದೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಮಾರ್ಕ್ ಕ್ಯಾರನ್ ಅವರ ತಂಡ 1996ರಲ್ಲಿ ಈ ಇಲಿಗಳ ವಿಷಯ ಪ್ರಕಟಿಸಿತು. 1999ರಲ್ಲಿ ಅದೇ ತಂಡ ಇನ್ನೊಂದು ವಿಚಿತ್ರ ಹೇಳಿತು: ಸಾಮಾನ್ಯ ಇಲಿಯನ್ನು ಓಡಿಸುವ ಉತ್ತೇಜಕ ಮದ್ದು ಮೀಥೈಲ್‌ಫೆನಿಡೇಟ್ ಈ ಇಲಿಯನ್ನು ತಣ್ಣಗಾಗಿಸುತ್ತದೆ. ಮದ್ದು ಹಿಡಿಯಬೇಕಾದ ಪ್ರೋಟೀನೇ ಇಲ್ಲ, ಆದರೂ ಕೆಲಸ ಮಾಡುತ್ತದೆ! ಸೆರೊಟೋನಿನ್ ಅನ್ನುವ ಮೆದುಳಿನ ಇನ್ನೊಂದು ರಾಸಾಯನಿಕದ ದಾರಿಯಿಂದ ಅಂತ ಅವರ ವಿವರಣೆ.

ಅದನ್ನೇ ನಾನೂ ಮಾಡಿ ನೋಡಬೇಕಿತ್ತು. ಮೊದಲ ಕಷ್ಟ ಇಲಿಗಳದ್ದೇ. ನಾಕೌಟ್ ತಾಯಿ ಮರಿಗಳನ್ನು ಸರಿಯಾಗಿ ನೋಡಿಕೊಳ್ಳುವುದಿಲ್ಲ. ಅದಕ್ಕೆ ಆ ಜೀನಿನ ಒಂದೊಂದೇ ಕೆಟ್ಟ ಪ್ರತಿ ಇರುವ ಗಂಡು ಹೆಣ್ಣನ್ನು ಜೋಡಿ ಮಾಡುತ್ತೇವೆ. ನಾಲ್ಕು ಮರಿಗೆ ಒಂದು ನಾಕೌಟ್, ಅದೂ ಲೆಕ್ಕದಲ್ಲಿ. ಒಂದೊಂದು ಸಲ ಎಂಟು ಮರಿಯಲ್ಲಿ ಒಂದೂ ಇಲ್ಲ.

ಇಲಿಯನ್ನು ಬೀಮ್ ಪೆಟ್ಟಿಗೆಗೆ (ಇಲಿ ಬೆಳಕಿನ ಕಿರಣ ದಾಟಿದ್ದನ್ನು ಎಣಿಸುವ ಯಂತ್ರ) ಬಿಟ್ಟು 30 ನಿಮಿಷ ಕಾಯುತ್ತಿದ್ದೆ. ಸಾಮಾನ್ಯ ಇಲಿ ನಾಲ್ಕು ಮೂಲೆ ಮೂಸಿ, ಮೀಸೆ ಒರೆಸಿಕೊಂಡು ಕೂರುತ್ತದೆ. ನಾಕೌಟ್ ಮಾತ್ರ ಗೋಡೆಗುಂಟ ಸುತ್ತುತ್ತಲೇ ಇರುತ್ತದೆ. ಆಮೇಲೆ ಅರ್ಧಕ್ಕೆ ಬರೀ ಉಪ್ಪುನೀರಿನ ಸಲೈನ್, ಅರ್ಧಕ್ಕೆ ಮದ್ದು. ಮದ್ದು ಹಾಕಿಸಿಕೊಂಡ ನಾಕೌಟ್‌ಗಳ ಓಡಾಟದ ಗೆರೆ ಧಡಕ್ಕನೆ ಬಿತ್ತು. ಖುಷಿಯಿಂದ ಗ್ರಾಫ್ ತೆಗೆದುಕೊಂಡು ಗೈಡ್ ಹತ್ತಿರ ಓಡಿದೆ.

ಆ ರಾತ್ರಿ ನೋಟ್‌ಬುಕ್ ತಿರುವುವಾಗ ಎದೆ ಝಲ್ ಅಂದಿತು. ಎಲ್ಲಾ ಇಲಿಗೂ 0.25 ಮಿಲೀ ಅಂತ ಬರೆದಿದ್ದೆ. ಮಿಲೀಗೆ 3 ಮಿಲಿಗ್ರಾಂ ಮದ್ದು, 25 ಗ್ರಾಂ ಇಲಿಗೆ ಕಿಲೋಗೆ 30 ಮಿಲಿಗ್ರಾಂ ಸರಿಯಾಗಿ ಕೂರುತ್ತದೆ. ಆದರೆ ನಾಕೌಟ್‌ಗಳು ಸಣಕಲು, ನನ್ನವು 18 ಗ್ರಾಂ ಆಸುಪಾಸು. ಅವಕ್ಕೆ ಬೇಕಿದ್ದದ್ದು 0.18 ಮಿಲೀ. ನಾನು ಕೊಟ್ಟದ್ದು ಕಿಲೋಗೆ ಸುಮಾರು 42 ಮಿಲಿಗ್ರಾಂ. ಸುಮ್ಮನಾದದ್ದು ಜೀನಿನಿಂದಲೋ, ಜಾಸ್ತಿ ಬಿದ್ದ ಮದ್ದಿನಿಂದಲೋ? ಹೇಳುವುದು ಹೇಗೆ? ಬೇರೆ ಬೇರೆ ಡೋಸ್ ಕೊಟ್ಟ ಎರಡು ಗುಂಪನ್ನು ಒಂದೇ ಗ್ರಾಫಿನಲ್ಲಿ ಹಾಕಿದ್ದೆ, ಅಷ್ಟೇ.

ಇನ್ನೊಂದು ಅನುಮಾನವೂ ಬಂತು. ಬೀಮ್ ಲೆಕ್ಕ ಹಾಕುವುದು ಓಡಾಟವನ್ನು. ಇಂಥದ್ದೇ ಉತ್ತೇಜಕ ಮದ್ದಾದ ಆಂಫೆಟಮೈನ್ ಜಾಸ್ತಿಯಾದ ಸಾಮಾನ್ಯ ಇಲಿ ಒಂದೇ ಕಡೆ ನಿಂತು ತಲೆಯಾಡಿಸುತ್ತಾ ಮೂಸುತ್ತಲೇ ಇರುವುದನ್ನು ನಾನೇ ನೋಡಿದ್ದೇನೆ. ಯಂತ್ರಕ್ಕೆ ಅದು ಶಾಂತ ಇಲಿ!

ಮತ್ತೆ ಮರಿಗಳಿಗೆ ಎರಡು ತಿಂಗಳು ಕಾದೆ. ಬೆಳಿಗ್ಗೆ ಒಂದೊಂದನ್ನೂ ತೂಗಿ ಸಿರಿಂಜು ತುಂಬಿದೆ. ಪೆಟ್ಟಿಗೆಯ ಮೇಲೆ ಕ್ಯಾಮೆರಾ ಇಟ್ಟೆ. ಯಾವುದಕ್ಕೆ ಮದ್ದು, ಯಾವುದಕ್ಕೆ ಸಲೈನ್ ಅಂತ ಗೊತ್ತಾಗದಂತೆ ಗೆಳತಿಯೊಬ್ಬಳು ಸೀಸೆಗಳಿಗೆ ನಂಬರು ಹಾಕಿಕೊಟ್ಟಳು. ಆದರೆ ಯಾವುದು ನಾಕೌಟ್ ಅನ್ನುವುದನ್ನು ಮುಚ್ಚಿಡುವುದು ಹೇಗೆ? ಪಂಜರ ತೆಗೆದ ತಕ್ಷಣ ಗೊತ್ತಾಗಿಬಿಡುತ್ತದೆ.

ಗೆರೆ ಈ ಸಲವೂ ಇಳಿಯಿತು. ಮೊದಲಿನಷ್ಟು ಕಡಿದಾಗಿ ಅಲ್ಲ. ವೀಡಿಯೋದಲ್ಲಿ ಇಲಿ ಮೂಲೆಗೆ ಹೋಗಿ ಮೈ ನೆಕ್ಕಿಕೊಳ್ಳುತ್ತಿತ್ತು. ಗೈಡ್ ಮಾತ್ರ ಆ ಹಳೆಯ ಗ್ರಾಫನ್ನೇ ಇನ್ನೂ ನೆನಪಿಟ್ಟುಕೊಂಡಿದ್ದಾರೆ.